ಬಣವಿ ಸುಟ್ಟ ಮ್ಯಾಲ ಏನಾತು?

ಕೊಪ್ಪಳದಿಂದ ಹನ್ನೆರಡು ಹದಿಮೂರು ಕಿಲೋಮೀಟರು ಹೋದರೆ ಕಿನ್ನಾಳ. ಅಲ್ಲಿನ ಚಿತ್ರಗಾರರ ಮನೆಯ ಪಡಸಾಲೆಯಲ್ಲಿ ಕೂತರೆ ಹುಣಸೆ ಬೀಜದ ಅಂಟಿನ ವಾಸನೆ ಮೂಗಿಗೆ ಹತ್ತುತ್ತದೆ. ಹಗುರ ಮರ ಕೆತ್ತಿ, ಗೋಣಿ ಚಿಂದಿ ಮತ್ತು ಮರದ ಪುಡಿಯನ್ನು ಆ ಅಂಟಿನಲ್ಲಿ ಕಲಸಿ ಮೈಗೆ ಮೆತ್ತಿ, ಬಿಳಿ ಬಳಿದು, ಮೇಲೆ ಬಣ್ಣ ಏರಿಸಿ ಅವರು ಗೊಂಬೆ ಮಾಡುತ್ತಾರೆ. ಹಣ್ಣು, ಗಿಳಿ, ಗರುಡ, ಗೌರಿ ಎಲ್ಲ ಬರುತ್ತವೆ. ಸುತ್ತಿನ ಊರುಗಳ ಗ್ರಾಮದೇವತೆಯರೂ ಇವರ ಕೈಯಲ್ಲೇ ಕಣ್ಣು ಬಿಡುತ್ತಾರೆ. ನಾವು ಸಣ್ಣವರಿದ್ದಾಗ ಬಾಗಿಲ ಹೊರಗೇ ನಿಂತು ನೋಡಿದ ದ್ಯಾಮವ್ವನ ಕಣ್ಣು ನಮಗಿನ್ನೂ ಮರೆತಿಲ್ಲ. ಆ ಕಣ್ಣಿಗೆ ಸಿಟ್ಟು ಯಾಕೆ ಎಂದು ನಾವು ಮನೆಗೆ ಬಂದು ಕೇಳಿದೆವು. ಆಗ ನಮ್ಮಜ್ಜಿ ಹೇಳಿದ ಕತೆಯೇ ನಾವು ಕೇಳಿದ ಮೊದಲ ಸೇಡಿನ ಕತೆ.

ಕತೆ ಉತ್ತರ ಕರ್ನಾಟಕದ ಎಲ್ಲ ಕೇರಿಗಳಿಗೂ ಗೊತ್ತಿದ್ದದ್ದೇ. ಹೊಲೆಯರ ಹುಡುಗನೊಬ್ಬ ಜಾತಿ ಮುಚ್ಚಿಟ್ಟು, ಶಾಸ್ತ್ರ ಕಲಿತು, ಗುರುವಿನ ಮಗಳನ್ನೇ ಮದುವೆಯಾಗುತ್ತಾನೆ. ಮಕ್ಕಳಾಗುತ್ತವೆ. ಒಂದು ದಿನ ಅವನ ತಾಯಿ ಮಗನ ಸಂಸಾರ ನೋಡಲು ಬರುತ್ತಾಳೆ. ಉಣ್ಣುತ್ತಾ ಕೂತ ಮುದುಕಿ ಬಾಯಿ ತಪ್ಪಿ, ಈ ಸಿಹಿ ಅಡಿಗೆ ಎಮ್ಮೆಯ ನಾಲಿಗೆಯ ರುಚಿ ಇದ್ದಂಗೈತಿ ಅಂದುಬಿಡುತ್ತಾಳೆ. ಸೊಸೆಗೆ ತಿಳಿಯುತ್ತದೆ. ಅಪ್ಪನ ಹತ್ತಿರ ಓಡಿ, ನಾಯಿ ಮುಟ್ಟಿದ ಮಡಿಕೆಯನ್ನು ಏನು ಮಾಡಬೇಕು ಎಂದು ಕೇಳುತ್ತಾಳೆ. ಬೆಂಕಿಗೆ ಹಾಕಬೇಕು ಅನ್ನುತ್ತಾನೆ ಅಪ್ಪ. ಅವಳು ಮನೆಗೆ ಬೆಂಕಿ ಇಡುತ್ತಾಳೆ. ಉರಿಯಿಂದ ದೇವಿಯಾಗಿ ಏಳುತ್ತಾಳೆ. ಗಂಡ ಓಡಿ ಹೋಗಿ ಕೋಣದೊಳಗೆ ಅಡಗಿದರೂ ಬಿಡದೆ ಕೊಲ್ಲುತ್ತಾಳೆ. ಅಂದಿನಿಂದ ಪ್ರತಿ ಜಾತ್ರೆಯಲ್ಲಿ ಆ ಗಂಡನೇ ಕೋಣವಾಗಿ ಬಂದು ತಲೆ ಕೊಡಬೇಕು.

ಈ ಕತೆಯನ್ನು ಎಷ್ಟೋ ವಿದ್ವಾಂಸರು ಬರೆದುಕೊಂಡಿದ್ದಾರೆ. ಮಾತೃದೇವತೆ, ಫಲವಂತಿಕೆ, ಆಚರಣೆ ಎಂದೆಲ್ಲ ವಿವರಿಸಿದ್ದಾರೆ. ಅವರ ಪಾಂಡಿತ್ಯಕ್ಕೆ ನಮ್ಮ ತಕರಾರಿಲ್ಲ. ಆದರೆ ಕತೆಯನ್ನು ಕೇರಿಯ ಕಡೆಯಿಂದ ಓದಿದರೆ ಕಾಣುವುದು ಬೇರೆ. ಇಲ್ಲಿ ತಪ್ಪು ಒಬ್ಬ ಹುಡುಗನದು. ಅದೂ ಏನು ತಪ್ಪು? ಓದಿದ್ದು ಮತ್ತು ಒಲಿದದ್ದು. ಶಿಕ್ಷೆ ಮಾತ್ರ ಒಂದು ಸಲಕ್ಕೆ ಮುಗಿಯುವುದಿಲ್ಲ. ಅವನು ಸತ್ತ ಮೇಲೂ ಜಾತ್ರೆ ಜಾತ್ರೆಗೆ ಸಾಯುತ್ತಲೇ ಇರಬೇಕು. ಕೋಣ ಕಡಿಯುವಾಗ ಮುಂದೆ ನಿಲ್ಲಬೇಕಾದವರು, ಅದರ ತಲೆ ಹೊರಬೇಕಾದವರು, ರಕ್ತ ಕಲಸಿದ ಅನ್ನವನ್ನು ರಾತ್ರಿ ಊರ ಸೀಮೆಗೆ ಚೆಲ್ಲಿ ಬರಬೇಕಾದವರು ಎಷ್ಟೋ ಊರುಗಳಲ್ಲಿ ನಮ್ಮ ಕೇರಿಯವರೇ. ಅಂದರೆ ಸೇಡು ಊರಿನದು, ಪಾಪ ಕೇರಿಯದು. ಒಂದು ಕತೆ ಇಷ್ಟು ಕೆಲಸ ಮಾಡಬಲ್ಲದು ಎಂಬುದನ್ನು ಗೆಳೆಯರು ಗಮನಿಸಬೇಕು. ಕರ್ನಾಟಕದಲ್ಲಿ ಪ್ರಾಣಿಬಲಿ ತಡೆಯುವ ಕಾಯ್ದೆ 1959ರಲ್ಲೇ ಬಂತು. ಕೋಣಕ್ಕೆ ಕಾನೂನು ಸಿಕ್ಕಿತು. ಕತೆಗೆ ಸಿಕ್ಕಲಿಲ್ಲ.

ಆ ಮುದುಕಿಯ ಬಗ್ಗೆಯೂ ಯಾರೂ ಬರೆದಂತೆ ಕಾಣೆವು. ಮಗನ ಮನೆಯಲ್ಲಿ ಎರಡು ತುತ್ತು ಉಂಡು, ತನಗೆ ಗೊತ್ತಿದ್ದ ರುಚಿಯ ಹೆಸರು ಹೇಳಿದ್ದಕ್ಕೆ ಮಗ, ಸೊಸೆ, ಮೊಮ್ಮಕ್ಕಳನ್ನೆಲ್ಲ ಕಳಕೊಂಡವಳು. ಅವಳ ಎದೆಯಲ್ಲಿ ಏನು ಕೊರೆಯಿತು? ಕತೆ ಅವಳನ್ನು ಅಲ್ಲೇ ಎಲೆಯ ಮುಂದೆ ಕೂರಿಸಿ ಮುಂದೆ ಹೋಗಿಬಿಡುತ್ತದೆ.

ಇದೇ ಕತೆಯನ್ನು ಹನ್ನೆರಡನೆಯ ಶತಮಾನದಲ್ಲಿ ಕೆಲವರು ತಿರುಗಿಸಿ ಬರೆಯಲು ಹೊರಟಿದ್ದರು. ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟರು. ಇಲ್ಲಿ ಯಾರೂ ಜಾತಿ ಮುಚ್ಚಿಡಲಿಲ್ಲ. ಊರೆಲ್ಲ ನೋಡುವಂತೆ ಮದುವೆ ಮಾಡಿದರು. ಆಗಲೂ ಬೆಂಕಿ ತಪ್ಪಲಿಲ್ಲ. ಶರಣರ ಕತೆಗಳು ಹೇಳುವಂತೆ ಬೀಗರಿಬ್ಬರ ಕಣ್ಣು ಕೀಳಿಸಿ, ಆನೆಯ ಕಾಲಿಗೆ ಕಟ್ಟಿ ಎಳೆಸಿದರು. ಅದರ ಸೇಡಿಗೆ ಜಗದೇವ ಮತ್ತು ಸಂಗಡಿಗರು ಬಿಜ್ಜಳನನ್ನು ಕೊಂದರು. ಇದು 1167ರ ಸುಮಾರಿನ ಮಾತು. ಆಮೇಲೆ? ಕಲ್ಯಾಣ ಉಳಿಯಲಿಲ್ಲ. ಶರಣರು ಸಿಕ್ಕ ದಾರಿ ಹಿಡಿದು ಉಳವಿಯ ಕಡೆಗೆ ಓಡಿದರು. ಒಬ್ಬ ದೊರೆ ಸತ್ತ, ಇನ್ನೊಬ್ಬ ದೊರೆ ಬಂದ. ಆದರೆ ಹರಳಯ್ಯನ ಬೀದಿಯಲ್ಲಿ ಅಂಥ ಇನ್ನೊಂದು ಮದುವೆ ಆಯಿತೆಂದು ಯಾವ ಪುರಾಣವೂ ಹೇಳುವುದಿಲ್ಲ. ಲಂಕೇಶ್ ಮತ್ತು ಗಿರೀಶ ಕಾರ್ನಾಡರು ಈ ಸಂಗತಿಯನ್ನು ನಾಟಕ ಮಾಡಿದರು. ಬಿಜ್ಜಳನ ತಳಮಳ, ಬಸವಣ್ಣನ ತಳಮಳ ಅಲ್ಲಿ ಚೆನ್ನಾಗಿ ಬಂದಿವೆ. ಹರಳಯ್ಯನ ಬೀದಿಯ ತಳಮಳವನ್ನು ಬರೆಯುವ ಕೆಲಸ ಮಾತ್ರ ಇನ್ನೂ ನಮ್ಮ ಪಾಲಿಗೆ ಉಳಿದಿದೆ.

ಇನ್ನು ಸಣ್ಣಕತೆಗೆ ಬರೋಣ. ಕನ್ನಡದ ವಿಮರ್ಶೆ 'ಪಾಪಪ್ರಜ್ಞೆ' ಎಂಬ ಮಾತನ್ನು ಬಹಳ ಬಳಸಿದೆ. ಕೇರಿಯಲ್ಲಿ ಈ ಶಬ್ದ ಇಲ್ಲ. ನಮ್ಮ ಮಂದಿ 'ಎದಿಯಾಗ ಕೊರಿತೈತಿ' ಅಂತಾರೆ. ಈ ಕೊರೆತ ಯಾರ ಎದೆಯಲ್ಲಿ ನಡೆಯುತ್ತದೆ ಎಂದು ನಮ್ಮ ಕತೆಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಒಂದು ಚರಿತ್ರೆಯೇ ಸಿಕ್ಕುತ್ತದೆ.

ಲಂಕೇಶರ 'ಮುಟ್ಟಿಸಿಕೊಂಡವನು' ತೆಗೆದುಕೊಳ್ಳಿ. ಬಸಲಿಂಗ ಎಂಬ ರೈತನ ಕಣ್ಣಿಗೆ ತಿಮ್ಮಪ್ಪ ಎಂಬ ಡಾಕ್ಟರು ಆಪರೇಷನ್ ಮಾಡುತ್ತಾನೆ. ಡಾಕ್ಟರು ಹೊಲೆಯರವನೆಂದು ತಿಳಿದದ್ದೇ ಬಸಲಿಂಗ ಮೈಲಿಗೆ ಕಳೆಯಲು ಸ್ನಾನ ಮಾಡಿ ಕಣ್ಣು ಕೆಡಿಸಿಕೊಳ್ಳುತ್ತಾನೆ. ಕಡೆಗೆ ಅದೇ ಡಾಕ್ಟರ ಮುಂದೆ ಬಂದು ನಿಲ್ಲಬೇಕಾಗುತ್ತದೆ. ಇದು ಒಳ್ಳೆಯ ಕತೆ, ಪ್ರಾಮಾಣಿಕ ಕತೆ. ಜಾತಿಯ ರೋಗ ಜಾತಿವಂತನ ಕಣ್ಣನ್ನೇ ತಿನ್ನುತ್ತದೆ ಎಂಬುದನ್ನು ಇಷ್ಟು ಸರಳವಾಗಿ ಹೇಳಿದವರು ಕಡಿಮೆ. ಆದರೂ ಇಲ್ಲಿ ಕೊರೆತ ಬಸಲಿಂಗನದೇ. ತಿಮ್ಮಪ್ಪ ತನ್ನ ಕೆಲಸ ತಾನು ಮಾಡಿಕೊಂಡು ಸುಮ್ಮನಿರುವವನು. ಅವನಿಗೆ ಸಿಟ್ಟು ಬಂದಿರಲಿಲ್ಲವೆ? ಆ ರಾತ್ರಿ ಅವನಿಗೆ ನಿದ್ದೆ ಬಂತೆ? ಸವರ್ಣೀಯನ ಎದೆ ತೊಳೆಯುವುದಕ್ಕೆ ದಲಿತ ನೀರಾಗಬೇಕು ಎಂಬ ಒಪ್ಪಂದ ನಮ್ಮ ಬಹಳಷ್ಟು ಮಾನವೀಯ ಕತೆಗಳ ಹಿಂದೆ ಇದೆ.

1973ರಲ್ಲಿ ಬಂದ ದೇವನೂರ ಮಹಾದೇವರ 'ದ್ಯಾವನೂರು' ಈ ಒಪ್ಪಂದವನ್ನು ಮುರಿಯಿತು. ಅಬ್ಬರ ಮಾಡಿ ಮುರಿಯಲಿಲ್ಲ ಎಂಬುದೇ ಅದರ ದೊಡ್ಡತನ. ಅಮಾಸ ಎಂಬ ತಬ್ಬಲಿ ಹುಡುಗ ಇರುವುದು ಮಾರಿಗುಡಿಯಲ್ಲಿ. ಜೊತೆಗೆ ಕುರಿ ಕಾದು ಮುದುಕನಾದ ಕುರಿಯಯ್ಯ. ಯಾವ ದೇವಿಯ ಕತೆ ನಮ್ಮನ್ನು ಕೋಣ ಮಾಡಿತೋ ಅದೇ ದೇವಿಯ ಗುಡಿ ಇಲ್ಲಿ ತಬ್ಬಲಿಯ ಮನೆಯಾಗಿದೆ. ಹುಲಿವೇಷದ ದಿನ ಅಮಾಸ ಕುಣಿಯುತ್ತಾನೆ. ಸೇಡಿನ ಹುಲಿಯಾಗಿ ಯಾರ ಮೇಲೂ ಎಗರುವುದಿಲ್ಲ, ಕುಣಿಯುತ್ತಾನೆ ಅಷ್ಟೇ. 'ಒಡಲಾಳ'ದಲ್ಲಿ ಸಾಕವ್ವನ ಮನೆಮಂದಿ ಸಾಹುಕಾರನ ಕಡಲೆಕಾಯಿಯನ್ನು ರಾತ್ರಿಯೆಲ್ಲ ಕೂತು ತಿಂದು ಮುಗಿಸುತ್ತಾರೆ. ಪೊಲೀಸರು ಬಂದು ಹುಡುಕುವಾಗ ಏನೂ ಸಿಗುವುದಿಲ್ಲ. ಓದಿದವರು ಅದನ್ನು ಕಳ್ಳತನ ಅಂದರು, ಹಸಿವು ಅಂದರು. ನಮಗೆ ಅದು ಸೇಡಿನ ಹಾಗೂ ಕಾಣುತ್ತದೆ. ರಕ್ತ ಬೇಡದ, ಬೆಂಕಿ ಬೇಡದ, ಹೊಟ್ಟೆ ತುಂಬಿದರೆ ಮುಗಿಯುವ ಸೇಡು. ಆ ಮನೆಯಲ್ಲಿ ಯಾರಿಗೂ ಎದೆ ಕೊರೆಯಲಿಲ್ಲ, ಕೊರೆಯಬೇಕಾಗಿಯೂ ಇರಲಿಲ್ಲ.

'ಕುಸುಮಬಾಲೆ' ಬರುವ ಹೊತ್ತಿಗೆ ದ್ಯಾಮವ್ವನ ಕತೆ ಪೂರ್ತಿ ಮಗುಚಿ ಬೀಳುತ್ತದೆ. ಮೇಲಿನ ಮನೆಯ ಕುಸುಮ, ಕೇರಿಯ ಚನ್ನರಸ. ಮತ್ತೆ ಓದಿದ ಹುಡುಗ, ಮತ್ತೆ ಒಲವು. ಚನ್ನರಸ ಕೊಲೆಯಾಗುತ್ತಾನೆ. ಆದರೆ ಇಲ್ಲಿ ಹೆಣ್ಣು ದೇವಿಯಾಗಿ ಅವನ ಮೇಲೆ ಏರಿಬರುವುದಿಲ್ಲ, ಅವನಿಗಾಗಿ ಕೊರಗುತ್ತಾಳೆ. ಮನೆಯ ಮಂಚ ಮಾತಾಡುತ್ತದೆ, ದೀಪದ ಜೋತಮ್ಮಗಳು ಕೂಡಿ ಕತೆ ಹೇಳಿಕೊಳ್ಳುತ್ತವೆ. ಕೊಂದವರ ಬಾಯಿ ಮುಚ್ಚಿದಾಗ ಮನೆಯ ಸಾಮಾನು ಸಾಕ್ಷಿ ಹೇಳಬೇಕಾಗುತ್ತದೆ ಎಂದು ನಾವು ಓದಿಕೊಂಡೆವು. ಈ ಮಾತಿನ ಅರ್ಥ ನಮಗೆ ಮುಂದೆ ಕೋರ್ಟುಗಳ ಸುದ್ದಿ ಓದುವಾಗ ಇನ್ನೂ ಚೆನ್ನಾಗಿ ತಿಳಿಯಿತು.

ಇಷ್ಟೆಲ್ಲ ಓದಿಕೊಂಡಿದ್ದರೂ ನಾವು ಡಿಗ್ರಿ ಎರಡನೇ ವರ್ಷದಲ್ಲಿ ಬರೆದ ಕತೆ ಬೇರೆಯೇ ಆಗಿತ್ತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನಾವೇ ಮೊದಲು. ರಕ್ತ ಬಿಸಿ ಇತ್ತು. ಕತೆಯಲ್ಲಿ ಜೀತದ ಹುಡುಗನ ತಾಯಿಗೆ ಗೌಡ ಹೊಡೆಯುತ್ತಾನೆ. ಹುಡುಗ ಅಮಾಸಿ ರಾತ್ರಿ ಗೌಡನ ಬಣವಿಗೆ ಬೆಂಕಿ ಇಡುತ್ತಾನೆ. ಆಕಾಶವೆಲ್ಲ ಕೆಂಪಾಗುತ್ತದೆ. ಅಲ್ಲಿಗೆ ಮುಗಿಯುತ್ತದೆ. ಗೆಳೆಯರು ಹೊಗಳಿದರು. ನಾವು ಉಬ್ಬಿಹೋಗಿ ರಜೆಗೆ ಬಂದಾಗ ಕೇರಿಯ ಕಟ್ಟೆಯ ಮೇಲೆ ಕೂತು ಓದಿ ಹೇಳಿದೆವು. ಎಲ್ಲರೂ ಸುಮ್ಮನಿದ್ದರು. ನಮ್ಮ ದೊಡ್ಡವ್ವ ಎಲೆಅಡಿಕೆ ಮೆಲ್ಲುವುದನ್ನು ನಿಲ್ಲಿಸಿ ಕೇಳಿದಳು:

"ಬಣವಿ ಸುಟ್ಟ ಮ್ಯಾಲ ಏನಾತಪಾ?"

"ಕತಿ ಮುಗೀತು ದೊಡ್ಡವ್ವಾ."

"ನಿಂದು ಮುಗೀತು. ಮುಂಜಾನೆದ್ದು ಅವರು ಯಾರ ಮನಿಗೆ ಬಂದ್ರು ಅದನ್ನ ಹೇಳು."

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅವಳ ಹತ್ತಿರ ಇತ್ತು. ಅವಳು ಹರೆಯದವಳಿದ್ದಾಗ ತವರಿನ ಕಡೆ ಒಬ್ಬ ಹುಡುಗ ನಿಜವಾಗಿಯೂ ಬಣವಿ ಸುಟ್ಟಿದ್ದನಂತೆ. ಸುಟ್ಟವನು ರಾತ್ರೋರಾತ್ರಿ ರೈಲು ಹತ್ತಿ ಹೋದ. ಸಿಕ್ಕಿದ್ದು ಅವನಪ್ಪ. ಅವನನ್ನು ಕಂಬಕ್ಕೆ ಕಟ್ಟಿದರು. ಕೇರಿಗೆ ಕೂಲಿ ನಿಂತಿತು, ಅಂಗಡಿ ನಿಂತಿತು, ಬಾವಿಯ ನೀರು ನಿಂತಿತು. ಒಂದು ಮಳೆಗಾಲ ಪೂರ್ತಿ ಮಂದಿ ಗೆಡ್ಡೆ ಗೆಣಸು ತಿಂದು ಬದುಕಿದರು. ವರ್ಷಗಳ ಮೇಲೆ ಆ ಹುಡುಗ ಊರಿಗೆ ಬಂದ. ಅಷ್ಟರಲ್ಲಿ ಅಪ್ಪ ಸತ್ತಿದ್ದ. "ಅಂವ ಸಾಯೋತನಾ ತನ್ನ ಮನಿ ಹೊಸ್ತಿಲ ದಾಟಲಿಲ್ಲ ನೋಡು. ಹೊರಗಿನ ಕಟ್ಟಿ ಮ್ಯಾಲೇ ಉಂಡ, ಹೊರಗ ಮಲಗಿದ. ಹೊಡೆದಾಂವಗ ನಿದ್ದಿ ಬಂತು, ಹೊಡಿಸಿಕೊಂಡಾಂವಗ ಬರಲಿಲ್ಲ," ಅಂದಳು ದೊಡ್ಡವ್ವ.

ಆ ರಾತ್ರಿ ನಾವೂ ಮಲಗಲಿಲ್ಲ. ಪಾಪಪ್ರಜ್ಞೆ ಎಂದು ಪುಸ್ತಕದಲ್ಲಿ ಓದಿದ್ದು ತಪ್ಪು ಮಾಡಿದವನ ಮನೆಗೆ ಬರುತ್ತದೆ ಎಂದು ತಿಳಿದಿದ್ದೆವು. ಅದು ಕೂಡ ಕೇರಿಯ ದಾರಿಯನ್ನೇ ಹಿಡಿಯುತ್ತದೆ ಎಂದು ಅವತ್ತು ಗೊತ್ತಾಯಿತು.

ದೊಡ್ಡವ್ವನ ಪ್ರಶ್ನೆ ಹಿಡಿದು ಚರಿತ್ರೆಯ ಮುಂದೆ ನಿಂತರೆ ಸಿಗುವ ಉತ್ತರ ಒಂದೇ ಬಗೆಯದು. 1968ರ ಡಿಸೆಂಬರ್ 25. ತಂಜಾವೂರು ಜಿಲ್ಲೆಯ ಕೀಳ್ವೆಣ್ಮಣಿ. ಕೂಲಿಯ ಭತ್ತ ಹೆಚ್ಚು ಕೇಳಿದ್ದಕ್ಕೆ 44 ದಲಿತರನ್ನು ಗುಡಿಸಲಿನಲ್ಲಿ ಸುಟ್ಟರು. ಹೆಚ್ಚಿನವರು ಹೆಂಗಸರು, ಮಕ್ಕಳು. ಮದ್ರಾಸ್ ಹೈಕೋರ್ಟು ಭೂಮಾಲಿಕರನ್ನು ಬಿಟ್ಟುಬಿಟ್ಟಿತು. 1980ರಲ್ಲಿ ಮುಖ್ಯ ಆರೋಪಿ ಗೋಪಾಲಕೃಷ್ಣ ನಾಯ್ಡುವನ್ನು ಕೊಂದರು. 1985ರ ಜುಲೈನಲ್ಲಿ ಆಂಧ್ರದ ಕಾರಂಚೇಡು. ಕುಡಿಯುವ ನೀರಿನ ಕೆರೆಯಲ್ಲಿ ಎಮ್ಮೆ ತೊಳೆಯುವುದು ಬೇಡ ಅಂದದ್ದಕ್ಕೆ ಮಾದಿಗರ ಆರು ಜನ ಸತ್ತರು. ಅಲ್ಲಿಯೂ ನಾಲ್ಕು ವರ್ಷದ ಮೇಲೆ ಒಬ್ಬ ಭೂಮಾಲಿಕನನ್ನು ನಕ್ಸಲರು ಕೊಂದರು. ಈ ಕೊಲೆಗಳ ಸುದ್ದಿ ಕೇಳಿ ನಮ್ಮ ಕಡೆ ಕುಣಿದವರೂ ಇದ್ದಾರೆ. ಆ ಕುಣಿತವನ್ನು ನಾವು ಹೀಗಳೆಯುವುದಿಲ್ಲ. ಕೋರ್ಟು ಕೊಡದ್ದನ್ನು ಕತ್ತಿ ಕೊಟ್ಟಿತು ಎಂದು ಜನಕ್ಕೆ ಅನಿಸಿದರೆ ತಪ್ಪು ಮೊದಲು ಕೋರ್ಟಿನದು. ಆದರೆ ಆ 44 ಮಂದಿಯ ಉಳಿದ ಮನೆಗಳಿಗೆ ಆ ಕತ್ತಿಯಿಂದ ಒಂದು ಎಕರೆ ಭೂಮಿ ಬರಲಿಲ್ಲ ಎಂಬುದನ್ನೂ ಹೇಳಬೇಕಾಗುತ್ತದೆ.

ನಮ್ಮದೇ ನಾಡಿನ ಕಂಬಾಲಪಲ್ಲಿ. ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕು, 2000ದ ಮಾರ್ಚ್ 11. ಮೇಲ್ಜಾತಿಯ ಒಬ್ಬನ ಕೊಲೆಯಾಯಿತು. ಅದರ ಸೇಡಿಗೆ ಗುಂಪು ದಲಿತರ ಮನೆಗಳಿಗೆ ಬೆಂಕಿ ಇಟ್ಟಿತು. ಏಳು ಜನ ಸಜೀವ ಸುಟ್ಟುಹೋದರು. ಸಾಕ್ಷಿಗಳು ತಿರುಗಿ ಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ನಿಜ, ಕೊಂದವರು ಮಾತ್ರ ಯಾರೂ ಇಲ್ಲ. ಮಂಚ ಮಾತಾಡಬೇಕಾದದ್ದು ಇಂಥ ಕಡೆ. ಮಂಚವೂ ಸುಟ್ಟುಹೋಗಿತ್ತು.

ಅದೇ 2014ರ ಆಗಸ್ಟ್ 28ರಂದು ನಮ್ಮ ಜಿಲ್ಲೆಯಲ್ಲೇ, ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ, ಬೆಂಕಿ ಎದ್ದಿತು. ಕ್ಷೌರದಂಗಡಿ ಮತ್ತು ಹೋಟೆಲಿಗೆ ದಲಿತರನ್ನು ಬಿಡದ ತಕರಾರು ಅಲ್ಲಿ ಮೊದಲೇ ಇತ್ತು. ಗಂಗಾವತಿಯ ಸಿನೆಮಾ ಥೇಟರಿನಲ್ಲಿ ಟಿಕೀಟಿಗೆ ಆದ ಜಗಳ ನೆಪವಾಯಿತು. ನಮ್ಮ ಹುಡುಗನಿಗೆ ಹೊಡೆದಾರ ಎಂಬ ಮಾತು ಊರು ಸೇರಿದ್ದೇ ಗುಂಪು ಕೇರಿಗೆ ನುಗ್ಗಿತು. ಜನಕ್ಕೆ ಹೊಡೆದರು, ಗುಡಿಸಲುಗಳನ್ನು ಸುಟ್ಟರು. ಒಬ್ಬನ ಮೇಲಿನ ಸಿಟ್ಟನ್ನು ಒಂದು ಕೇರಿಯ ಮೇಲೆ ತೀರಿಸಿಕೊಳ್ಳುವುದು, ಇದೇ ಜಾತಿಯ ಸೇಡಿನ ಲಕ್ಷಣ. ವ್ಯಕ್ತಿಯ ಸೇಡಿಗೆ ಹೆಸರು ಬೇಕು, ಮುಖ ಬೇಕು. ಜಾತಿಯ ಸೇಡಿಗೆ ಕೇರಿಯ ದಿಕ್ಕು ಗೊತ್ತಿದ್ದರೆ ಸಾಕು.

ಹತ್ತು ವರ್ಷ ಕೇಸು ನಡೆಯಿತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಇನ್ನು ಮೂವರಿಗೆ ಐದೈದು ವರ್ಷ. ಆ ಮೂವರು ಪರಿಶಿಷ್ಟ ಜಾತಿ, ಪಂಗಡದವರೇ ಆದ್ದರಿಂದ ದೌರ್ಜನ್ಯ ತಡೆ ಕಾಯ್ದೆ ಅವರಿಗೆ ಅನ್ವಯಿಸಲಿಲ್ಲ. ಇದನ್ನು ನಾವು ಮುಚ್ಚಿಡಬಾರದು. ಯಜಮಾನನ ಸೇಡಿಗೆ ನಮ್ಮ ಕೈಯೂ ಪಂಜು ಹಿಡಿದಿತ್ತು. ಕೋಣ ಕಡಿಯಲು ನಮ್ಮವನನ್ನೇ ಮುಂದೆ ನಿಲ್ಲಿಸುವ ವ್ಯವಸ್ಥೆ ಜಾತ್ರೆಯ ಹೊರಗೂ ಇದೆ.

ತೀರ್ಪಿನ ದಿನ ಕೋರ್ಟಿನ ಮುಂದೆ ಶಿಕ್ಷೆಯಾದವರ ಮನೆಯ ಹೆಂಗಸರು ಬೋರಾಡಿ ಅತ್ತರು. ನಮ್ಮ ಗೆಳೆಯರಲ್ಲಿ ಕೆಲವರು 'ಅಳಲಿ ಬಿಡು' ಅಂದರು. ನಾವೂ ಅಂದೆವು. ಆಮೇಲೆ ದೊಡ್ಡವ್ವನ ಮಾತು ನೆನಪಾಗಿ ಬಾಯಿ ಕಟ್ಟಿತು. ಆ ಹೆಂಗಸರ ಅಳುವಿನಲ್ಲಿ ಗುಡಿಸಲು ಸುಟ್ಟದ್ದಕ್ಕೆ ಒಂದು ಹನಿಯೂ ಇತ್ತೋ ಇಲ್ಲವೋ ನಾವು ಹೇಳಲಾರೆವು. ಮುಂದಿನ ನವೆಂಬರಿನಲ್ಲೇ ಧಾರವಾಡ ಹೈಕೋರ್ಟು ಪೀಠ ಬಹುಪಾಲು ಮಂದಿಗೆ ಜಾಮೀನು ಕೊಟ್ಟಿತು. ಜಾಮೀನಿನ ಮೇಲೆ ಬಂದವರೂ, ಸಾಕ್ಷಿ ಹೇಳಿದವರೂ ಒಂದೇ ಊರಿನಲ್ಲಿ ಎದುರುಬದುರಾಗಬೇಕಾಯಿತು. ಕತೆಗಾರರು ಹೋಗಿ ಕೂರಬೇಕಾದ ಜಾಗ ಅದು. ಅಲ್ಲಿ ಆಕಾಶ ಕೆಂಪಾಗಿರುವುದಿಲ್ಲ. ಬೆಳಿಗ್ಗೆ ಎದ್ದು ಎದುರು ಸಿಕ್ಕವನ ಮುಖ ನೋಡಬೇಕೋ ಬೇಡವೋ ಎಂಬ ಸಂಕಟ ಇರುತ್ತದೆ.

ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರಿನಲ್ಲಿ ಎರಡು ವರ್ಷದ ದಲಿತ ಕೂಸೊಂದು ಗುಡಿಯೊಳಗೆ ಓಡಿತು. ಗುಡಿ ಶುದ್ಧಿಗೆಂದು ಮನೆಯವರಿಗೆ ಸಾವಿರಾರು ರೂಪಾಯಿ ದಂಡ ಹಾಕಿದರು. ಆ ಮನೆಯವರು ದೂರು ಕೊಡಲು ಮುಂದೆ ಬರಲಿಲ್ಲ. ಪೊಲೀಸರೇ ಕೇಸು ಹಾಕಬೇಕಾಯಿತು. ನಗರದಲ್ಲಿ ಕೂತ ಕೆಲವರು ಇದನ್ನು ಹೇಡಿತನ ಅಂದರು. ಅದು ಹೇಡಿತನವಲ್ಲ. ಮುಂಜಾನೆದ್ದು ಅವರು ಯಾರ ಮನಿಗೆ ಬರ್ತಾರ ಎಂಬುದು ಆ ತಂದೆತಾಯಿಗೆ ಗೊತ್ತಿತ್ತು.

ಹಾಗಾದರೆ ಸಿಟ್ಟನ್ನು ನುಂಗಿ ಕೂರಬೇಕೆ? ಇಲ್ಲ. ಇಲ್ಲಿ ಬಾಬಾಸಾಹೇಬರನ್ನು ನೆನೆಯಬೇಕು. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದ ಮೇಲೆ ಸನಾತನಿಗಳ ಗುಂಪು ನಮ್ಮ ಜನರ ಮೇಲೆ ಬಿದ್ದು ಹೊಡೆಯಿತು. ಅಲ್ಲಿದ್ದ ನಮ್ಮವರು ಸಾವಿರಾರು, ಅವರಲ್ಲಿ ಪಲ್ಟಣಿನಲ್ಲಿ ದುಡಿದು ಬಂದವರೂ ಇದ್ದರು. ಒಂದು ಮಾತು ಸಾಕಿತ್ತು, ಊರು ಉಳಿಯುತ್ತಿರಲಿಲ್ಲ. ಅಂಬೇಡ್ಕರ್ ಆ ಮಾತು ಹೇಳಲಿಲ್ಲ. ಅವರೂ ಬೆಂಕಿ ಹಚ್ಚಿದರು, ಅದೇ ವರ್ಷ ಡಿಸೆಂಬರ್ 25ರಂದು. ಸುಟ್ಟದ್ದು ಮನುಸ್ಮೃತಿಯನ್ನು, ಯಾರ ಮನೆಯನ್ನೂ ಅಲ್ಲ, ಬಣವಿಯನ್ನೂ ಅಲ್ಲ. ಕೆರೆಯ ಮೇಲಿನ ಹಕ್ಕಿಗೆ ಕೋರ್ಟಿನಲ್ಲಿ ಹತ್ತು ವರ್ಷ ಬಡಿದಾಡಿ 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಗೆದ್ದರು. ನಲವತ್ತೊಂದು ವರ್ಷದ ಮೇಲೆ ಅದೇ ಡಿಸೆಂಬರ್ 25ರಂದು ಕೀಳ್ವೆಣ್ಮಣಿಯ ಗುಡಿಸಲು ಸುಟ್ಟವರು ಯಾರು? ಎರಡೂ ಬೆಂಕಿಯೇ. ಒಂದು ಕತೆಯನ್ನು ಸುಟ್ಟಿತು, ಇನ್ನೊಂದು ಮನುಷ್ಯರನ್ನು ಸುಟ್ಟಿತು. ನಾಯಿ ಮುಟ್ಟಿದ ಮಡಿಕೆಯನ್ನು ಬೆಂಕಿಗೆ ಹಾಕು ಎಂದು ದ್ಯಾಮವ್ವನ ಅಪ್ಪ ಯಾವ ಪುಸ್ತಕ ಓದಿ ಹೇಳಿದನೋ ಅದನ್ನೇ ಬಾಬಾಸಾಹೇಬರು ಮಹಾಡದಲ್ಲಿ ಸುಟ್ಟರು ಎಂದು ನಾವು ತಿಳಿಯುತ್ತೇವೆ.

ನಮ್ಮ ಕತೆಯನ್ನು ನಾವು ಹರಿದು ಹಾಕಲಿಲ್ಲ. ಬಣವಿಗೆ ಬೆಂಕಿ ಬಿದ್ದಲ್ಲಿಂದ ಈಗ ಶುರು ಮಾಡಿದ್ದೇವೆ. ಮುಂಜಾನೆ ಆಗಿದೆ, ಗೌಡನ ಆಳುಗಳು ಕೇರಿಯ ಕಡೆ ಬರುತ್ತಿದ್ದಾರೆ, ಹುಡುಗನ ಅಪ್ಪ ಬಾಗಿಲಲ್ಲಿ ನಿಂತಿದ್ದಾನೆ. ಅಲ್ಲಿಂದ ಮುಂದೆ ಬರೆಯಲು ಕೈ ನಡುಗುತ್ತದೆ. ಬರೆದವರು ನಾವು ಬಸ್ಸು ಹತ್ತಿ ಕೊಪ್ಪಳಕ್ಕೆ ಹೋಗುವವರು. ಕೇಳಿದ ದೊಡ್ಡವ್ವ ಅಲ್ಲೇ ಇರುವವಳು. ಅವಳ ಹೊಸ್ತಿಲಿಗೆ ಬೆಂಕಿ ತರುವ ಕತೆಯನ್ನು ಅವಳ ಹೆಸರಿನಲ್ಲಿ ಬರೆಯುವ ಹಕ್ಕು ನಮಗೆ ಎಷ್ಟಿದೆ? ಇದು ನಮ್ಮ ಎದೆಯ ಕೊರೆತ. ಬಂಡಾಯದ ಗೆಳೆಯರೂ ಇದನ್ನು ತಮ್ಮ ತಮ್ಮ ಕತೆಗಳ ಮುಂದೆ ಇಟ್ಟುಕೊಂಡು ನೋಡಬೇಕೆಂದು ಕೇಳುತ್ತೇವೆ.

ಮುಂದಿನ ರಜೆಗೆ ಹೋದಾಗ ಅದೇ ಕಟ್ಟೆಯ ಮೇಲೆ ಕೂತು ಓದುತ್ತೇವೆ. ದೊಡ್ಡವ್ವ ಮತ್ತೆ ಕೇಳುತ್ತಾಳೆ. ಕೇಳಲಿ.